ಪೂಜೆಗೆ ಕೂತ ಮಿಷನ್ನುಗಳು

ಎಲ್ಲದಕ್ಕೂ ಕಾರಣ ಒಂದು ಚಿಟಿಕೆ ವಿಭೂತಿ. ಒಂದು ಚಿಟಿಕೆ ವಿಭೂತಿಯಿಂದ ಒಬ್ಬ ಗೃಹಸ್ಥನ ಬದುಕು ಮಗುಚಿಕೊಳ್ಳುವುದುಂಟೇ ಎಂದು ಮೂಗು ಮುರಿಯುವವರು ಮೈಸೂರಿನ ಅಗ್ರಹಾರದ ಪಾರ್ವತಮ್ಮನವರ ಚಿಟಿಕೆಯನ್ನು ಕಂಡವರಲ್ಲ. ಆ ಚಿಟಿಕೆಯಲ್ಲಿ ಒಂದು ಮಠಕ್ಕೆ ವರ್ಷವಿಡೀ ಸಾಲುವಷ್ಟು ವಿಭೂತಿ ಹಿಡಿಯುತ್ತಿತ್ತು. ಆಕೆ ಹಣೆಗೆ ಹಚ್ಚಲು ಕೈಯೆತ್ತಿದರೆ ಬೀದಿಯ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಕಣ್ಣುಮುಚ್ಚಿ ನಿಲ್ಲುತ್ತಿದ್ದವು; ಹಚ್ಚಿಯಾದ ಮೇಲೆ ಯಾವುದು ಯಾರ ಮಗುವೆಂದು ಹೆತ್ತವರಿಗೇ ಗುರುತು ಹತ್ತುತ್ತಿರಲಿಲ್ಲ. ಒಂದೆರಡು ಮಕ್ಕಳು ಹಾಗೇ ಅದಲುಬದಲಾಗಿ ಬೆಳೆದಿವೆ ಎಂದೂ ಹೇಳುತ್ತಾರೆ. ಇದರಲ್ಲಿ ಉತ್ಪ್ರೇಕ್ಷೆಯ ಮಾತೇ ಇಲ್ಲ.

ಈ ಪಾರ್ವತಮ್ಮನವರ ಒಬ್ಬನೇ ಮಗ ಷಡಕ್ಷರಿ. ಅಗ್ರಹಾರದ ಒಂದು ಸಣ್ಣ ಬೀದಿಯಲ್ಲಿ, ತನ್ನ ಮನೆಯ ಮುಂದಿನ ಹಜಾರದಲ್ಲೇ ಹೊಲಿಗೆ ತರಬೇತಿ ಕೇಂದ್ರ ನಡೆಸುತ್ತಿದ್ದ. ಬೀದಿ ಎಷ್ಟು ಸಣ್ಣದೆಂದರೆ ಎದುರುಬದುರಾದ ಎರಡು ಸ್ಕೂಟರುಗಳು ನೆಂಟಸ್ತನ ಬೆಳೆಸದೆ ದಾಟುವಂತಿರಲಿಲ್ಲ. ಬೀದಿ ಸಣ್ಣದಾದರೂ ಬೋರ್ಡು ದೊಡ್ಡದು. ‘ಶ್ರೀ ನಂಜುಂಡೇಶ್ವರ ಹೊಲಿಗೆ ತರಬೇತಿ ಕೇಂದ್ರ’ ಎಂಬ ಆ ಬೋರ್ಡಿನ ನೆರಳಿನಲ್ಲಿ ಮಧ್ಯಾಹ್ನದ ಹೊತ್ತು ಅರ್ಧ ಅಗ್ರಹಾರ ನಿದ್ದೆ ಮಾಡುತ್ತಿತ್ತು. ಅದರ ಕೊನೆಯ ಸಾಲಿನಲ್ಲಿ ಕೆಂಪಕ್ಷರದಲ್ಲಿ ‘ಮಾನ್ಯತೆ ಪಡೆದಿದೆ’ ಎಂದು ಬರೆದಿತ್ತು.

ಆ ಎರಡು ಪದಗಳಲ್ಲಿ ಷಡಕ್ಷರಿಯ ಪ್ರಾಣವಿತ್ತು. ಮಾನ್ಯತೆ ಇದ್ದುದರಿಂದಲೇ ಸರ್ಕಾರದ ಕಚೇರಿಯೊಂದು ಅವನಿಗೆ ಒಂದು ಡಜನ್ ಹೊಲಿಗೆ ಮಿಷನ್ನು ಬಳಸಲು ಕೊಟ್ಟಿತ್ತು. ಅರ್ಧ ಪೆಡಲಿನವು, ಅರ್ಧ ಮೋಟಾರಿನವು. ಮಾನ್ಯತೆ ಇದ್ದುದರಿಂದಲೇ ರಾಜೀವನಗರದಿಂದಲೂ ಹಿನಕಲ್‌ನಿಂದಲೂ ಹೆಣ್ಣುಮಕ್ಕಳು ಬಸ್ಸು ಹತ್ತಿ ಬಂದು ಅವನಲ್ಲಿ ಕಲಿಯುತ್ತಿದ್ದರು. ಆ ಮಾನ್ಯತೆಯ ಅವಧಿ ಈ ಕತೆ ನಡೆದ ದಿನದ ಸಂಜೆಗೆ ಮುಗಿಯುತ್ತಿತ್ತು. ಅಧಿಕಾರಿಯೊಬ್ಬರು ಬಂದು ಎಲ್ಲವೂ ನಿಯಮದ ಪ್ರಕಾರ ಇದೆಯೆಂದು ಒಪ್ಪಿದರೆ ಮಾತ್ರ ಮುಂದುವರಿಕೆ. ಷಡಕ್ಷರಿ ತಿಂಗಳಿಂದ ಕಾದಿದ್ದ. ಯಾರೂ ಬಂದಿರಲಿಲ್ಲ. ಮರುದಿನ ಆಯುಧಪೂಜೆ, ಅದರ ಮರುದಿನ ವಿಜಯದಶಮಿ. ಇಡೀ ಮೈಸೂರು ಆನೆಯ ಕಡೆ ಮುಖ ಮಾಡಿ ನಿಂತಿದ್ದಾಗ ಇವನ ಹೊಲಿಗೆ ಶಾಲೆಯನ್ನು ಯಾರು ನೋಡುತ್ತಾರೆ?

“ಹಬ್ಬ ಕಳ್ದು ಬರ್ತಾರೆ ಬುಡು. ಅಲ್ಲೀಗಂಟ ಹಳೇ ಮಾನ್ಯತೆನೇ ನಡೀತದೆ. ನಾನು ಕಂಡಿಲ್ವಾ?” ಎಂದು ಪಕ್ಕದ ಮನೆಯ ಸಿದ್ದಮಲ್ಲಪ್ಪನವರು ಅಭಯ ಕೊಟ್ಟಿದ್ದರು. ಯಾವುದೋ ಕಚೇರಿಯಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದ ಅವರು ಕಾಣದ್ದು ಭೂಮಿಯ ಮೇಲೆ ಏನೂ ಇರಲಿಲ್ಲ.

ಹೀಗೆ ನಿಶ್ಚಿಂತನಾದ ಷಡಕ್ಷರಿ ಅಂದು ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ತಲೆಯ ಮೇಲೆ ಪುರಿಯ ಮೂಟೆ, ಕಂಕುಳಲ್ಲಿ ಆನೆಮರಿಯಂಥ ಬೂದುಗುಂಬಳಕಾಯಿ ಹೊತ್ತು ಮನೆಯ ಮುಂದೆ ಬಂದು ನಿಂತಾಗ ಫೋನು ಹೊಡೆದುಕೊಂಡಿತು.

“ನಮಸ್ಕಾರ ಸಾರ್, ಚೆಲುವರಾಜು. ರೆಡಿಯಾಗಿದ್ದೀರಾ?”

ಚೆಲುವರಾಜು ಇವನ ಹಳೆಯ ಶಿಷ್ಯ. ಕಲಿಯುವ ಕಾಲದಲ್ಲಿ ಒಂದೇ ಅಂಗಿಗೆ ಎರಡೂ ತೋಳನ್ನು ಒಂದೇ ಪಕ್ಕಕ್ಕೆ ಹೊಲಿದು, ತೊಟ್ಟವನು ಬಸ್ಸು ನಿಲ್ಲಿಸುವವನಂತೆ ಕಾಣುವ ಹಾಗೆ ಮಾಡಿದ್ದ ಪ್ರತಿಭಾವಂತ. ಈಗ ಹಿನಕಲ್‌ನಲ್ಲಿ ತನ್ನದೇ ಹೊಲಿಗೆ ಕೇಂದ್ರ ತೆರೆದಿದ್ದ.

“ಏನಕ್ಕೋ ರೆಡಿ?”

“ಇನ್‌ಸ್ಪೆಕ್ಷನ್‌ಗೆ ಸಾರ್! ಚಂದ್ರಮೌಳಿ ಸಾಹೇಬ್ರು ಹನ್ನೊಂದು ಗಂಟೆಗೆ ನಿಮ್ಮಲ್ಲಿಗೆ, ಮಧ್ಯಾಹ್ನ ನಮ್ಮಲ್ಲಿಗೆ. ನಿನ್ನೇನೇ ಮೆಸೇಜ್ ಬಂದಿದ್ಯಲ್ಲಾ?”

ಬಂದಿತ್ತು. ಆದರೆ ಅದರ ಮೇಲೆ ನೂರಾರು ಬಂಧುಗಳು ಕಳಿಸಿದ ಹಬ್ಬದ ಶುಭಾಶಯದ ಚಿತ್ರಗಳು ರಾಶಿ ಬಿದ್ದು ಅದು ಉಸಿರುಗಟ್ಟಿ ಸತ್ತಿತ್ತು. ಷಡಕ್ಷರಿಯ ಎದೆ ಧಸಕ್ಕೆಂದ ಸದ್ದಿಗೆ ಎದುರುಮನೆಯ ಬೆಕ್ಕು ಎದ್ದು ಓಡಿತು. ಆದರೂ ಶಿಷ್ಯನೆದುರು ಗುರು ಬೆದರಬಹುದೇ?

“ಗೊತ್ತು ಕಣೋ. ನಾವು ಯಾವಾಗ್ಲೂ ರೆಡಿ. ನಿಂದೆಂಗೆ?”

“ನಮ್ಮಲ್ಲಿ ಎಲ್ಲಾ ಐತೆ ಸಾರ್. ಎ.ಸಿ. ಐತೆ, ಗಾಜಿನ ಬಾಗಿಲೈತೆ, ಕೈ ತೊಳ್ಯಕ್ಕೆ ಸುವಾಸನೆ ಸೋಪೈತೆ. ಮಿಷನ್ ಒಂದು ಬಂದಿಲ್ಲ. ಆಫೀಸ್ನೋರು ಇವತ್ತು ನಾಳೆ ಅಂತಾವ್ರೆ.”

ಷಡಕ್ಷರಿಗೆ ತನ್ನ ಭಯವೆಲ್ಲ ಮರೆತು ನಗು ಉಕ್ಕಿತು. “ಮಿಷನ್ ಇಲ್ಲದ ಹೊಲಿಗೆ ಶಾಲೆನೇನೋ! ಲೋ ಚೆಲುವ, ಕುದುರೆ ಇಲ್ಲದ ಟಾಂಗಾ ಕಣೋ ಅದು. ಚಾಟಿ ಹಿಡ್ಕೊಂಡು ಸುಮ್ನೆ ಕೂತ್ಕೋ. ಯಾರಾದ್ರೂ ಹತ್ತುತಾರೆ!”

ಅವನ ನಗುವಿನ ಅಬ್ಬರಕ್ಕೆ ಚಾಮುಂಡಿ ಬೆಟ್ಟದ ನಂದಿ ಕಿವಿ ಅಲ್ಲಾಡಿಸಿತೆಂದು ಬೆಟ್ಟದಿಂದ ಇಳಿದು ಬಂದವರು ಹೇಳಿದರು. ನಗುನಗುತ್ತಲೇ ಹಜಾರಕ್ಕೆ ಕಾಲಿಟ್ಟವನು ಹಾಗೇ ಕಲ್ಲಾದ.

ಪೂಜೆ ಮುಗಿದಿತ್ತು. ಮಿಷನ್ನುಗಳೆಲ್ಲ ಸಾಲಾಗಿ ಹಸೆಗೆ ಕೂತ ಮದುಮಕ್ಕಳಂತೆ ಚೆಂಡುಹೂವಿನ ಹಾರ ಹಾಕಿಕೊಂಡು, ಅರಿಸಿನದ ದಾರ ಕಟ್ಟಿಸಿಕೊಂಡು ಕೂತಿದ್ದವು. ಒಂದೊಂದರ ಹೊಟ್ಟೆಯ ಮೇಲೂ ಕಚೇರಿಯವರು ಬಿಳಿ ಬಣ್ಣದಲ್ಲಿ ‘ಸರ್ಕಾರದ ಸ್ವತ್ತು’ ಎಂದು ಬರೆಸಿದ್ದರಲ್ಲ, ಸರಿಯಾಗಿ ಅದರ ಮೇಲೆ ಮೂರು ಪಟ್ಟೆ ವಿಭೂತಿ. ಮಿಷನ್ನಿಗಷ್ಟೇ ಅಲ್ಲ. ಕತ್ತರಿಗೆ, ಇಸ್ತ್ರಿಪೆಟ್ಟಿಗೆಗೆ, ಬೆಂಕಿ ಆರಿಸುವ ಕೆಂಪು ಸಿಲಿಂಡರಿಗೆ, ಹಾಜರಿಗೆ ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ, ಗೋಡೆಯ ಮೂಲೆಯ ಕ್ಯಾಮೆರಾಕ್ಕೆ, ಎಲ್ಲಕ್ಕೂ. ಬೆಂಕಿ ಬಿದ್ದರೆ ಎರಚಲೆಂದು ಇಟ್ಟಿದ್ದ ಮರಳಿನ ಬಕೆಟ್ಟಿನಲ್ಲಿ ಒಂದು ಕಟ್ಟು ಊದುಬತ್ತಿ ಹೊಗೆಯಾಡುತ್ತಿತ್ತು.

“ಅವ್ವಾ! ಆಯುಧಪೂಜೆ ನಾಳೆ ಕಣವ್ವಾ!”

“ನಾಳೆ ರಜ,” ಎಂದರು ಪಾರ್ವತಮ್ಮ, ಗಂಟೆ ಕೆಳಗಿಡುತ್ತ. “ರಜದ ದಿನ ಪೂಜೆ ಮಾಡಿ ಪುರಿ ಯಾರಿಗೆ ಕೊಡ್ಲಿ, ಗೋಡೆಗಾ? ಆಫೀಸು, ಕಾರ್ಖಾನೆ ಎಲ್ಲಾ ಕಡೆ ಹಿಂದಿನ ದಿನವೇ ಮಾಡ್ಕೊಳ್ಳಲ್ವಾ? ಹುಡುಗೀರು ಬಂದಿದ್ರು, ಮಾಡ್ಬುಟ್ಟೆ.”

“ಇನ್‌ಸ್ಪೆಕ್ಷನ್ ಇದೆ ಕಣವ್ವಾ! ಮಿಷನ್ ಓಡ್ಸಿ ತೋರಿಸ್ಬೇಕು!”

“ನಾಡಿದ್ದು ಬೆಳಿಗ್ಗೆ ಮಂಗಳಾರತಿ ಎತ್ತಿ ಮಿಷನ್ ಕದಲಿಸಿದ ಮೇಲೆ ಓಡ್ಸು, ಹಾರ್ಸು, ಯಾರು ಬೇಡ ಅಂದೋರು? ಅಲ್ಲೀಗಂಟ ಯಾವಳಾದ್ರೂ ಪೆಡಲ್ ಮೇಲೆ ಕಾಲಿಟ್ಟಳೋ, ನಾನು ಈ ಮನೇಲಿ ತೊಟ್ಟು ನೀರು ಮುಟ್ಟಲ್ಲ.”

ಇದು ಬರಿಯ ಬೆದರಿಕೆಯಲ್ಲ. ಹಿಂದೊಮ್ಮೆ ಆಕೆ ಅರ್ಧ ದಿನ ಉಪವಾಸ ಕೂತಾಗ ಮೂರು ಬೀದಿಯ ಒಲೆ ಹತ್ತಿರಲಿಲ್ಲ. ಷಡಕ್ಷರಿ ಹುಡುಗಿಯರ ಕಡೆ ನೋಡಿದ. ಎಲ್ಲರಿಗಿಂತ ಚುರುಕಾದ ರಕ್ಷಿತಾ ಎರಡು ಹೆಜ್ಜೆ ಹಿಂದೆ ಸರಿದಳು.

“ನಾವ್ ಮುಟ್ಟಲ್ಲಪ್ಪಾ ಸಾರ್. ಪೂಜೆ ಆದ ಮಿಷನ್ ಮುಟ್ಟಿದ್ರೆ ಸೂಜಿ ಬೆರಳಿಗೆ ಹೊಕ್ಕತದೆ ಅಂತ ಹೋದ್ವರ್ಷ ನೀವೇ ಹೇಳಿದ್ರಿ.”

ಅಷ್ಟರಲ್ಲಿ ಎದುರುಮನೆಯ ಶಾರದ ಸೆರಗು ಸಿಕ್ಕಿಸಿಕೊಂಡು ಬಂದಳು. ವಾರದಿಂದ ದಿನಾ ಬೆಳಿಗ್ಗೆ ಅವಳದು ಇದೇ ಸುಪ್ರಭಾತ.

“ಮಾಸ್ಟ್ರೇ, ನನ್ನ ಬ್ಲೌಸು?”

ಬ್ಲೌಸು ಅಲ್ಲೇ ಇತ್ತು. ಒಂದು ತೋಳು ಹತ್ತಿತ್ತು. ಇನ್ನೊಂದು ತೋಳು ಹಾರ ಹಾಕಿಕೊಂಡ ಮಿಷನ್ನಿನ ಸೂಜಿಯ ಕೆಳಗೆ ಸಿಕ್ಕಿ, ಅದಕ್ಕೂ ಒಂದು ಬೊಟ್ಟು ಕುಂಕುಮ ಬಿದ್ದಿತ್ತು.

“ಪೂಜೆಗೆ ಕೂತಿದೆ ಕಣಮ್ಮ,” ಎಂದ ಷಡಕ್ಷರಿ ಅಳುವ ದನಿಯಲ್ಲಿ.

“ನನ್ನ ಬ್ಲೌಸೂ ಆಯುಧಾನಾ? ಮೆರವಣಿಗೆಗೆ ನಾನೇನು ಒಂದು ತೋಳಲ್ಲಿ ಹೋಗ್ಲಾ?”

ಗದ್ದಲ ಕೇಳಿ ಸಿದ್ದಮಲ್ಲಪ್ಪನವರು ಪಂಚೆಯ ತುದಿ ಎತ್ತಿಹಿಡಿದು ಬಂದರು. ವಿಷಯ ತಿಳಿದದ್ದೇ ಅವರ ಮುಖ ಪೆಟ್ರೋಮ್ಯಾಕ್ಸಿನಂತೆ ಬೆಳಗಿತು. ನಿವೃತ್ತರಾದ ಮೇಲೆ ಅವರ ಕೈಗೆ ಒಂದು ಇನ್‌ಸ್ಪೆಕ್ಷನ್ನೂ ಸಿಕ್ಕಿರಲಿಲ್ಲ.

“ಹೆದರ್ಬೇಡ ಷಡಕ್ಷರಿ. ಇನ್‌ಸ್ಪೆಕ್ಷನ್ನಲ್ಲಿ ಏನಿದೆ ಏನಿಲ್ಲ ಅನ್ನೋದು ಮುಖ್ಯ ಅಲ್ಲ. ಕೇಳಿದ ತಕ್ಷಣ ‘ಹೌದು ಸಾರ್’ ಅನ್ಬೇಕು. ತಡವರಿಸಿದ್ಯೋ, ತಪ್ಪು. ತಡವರಿಸದಿದ್ರೆ ಅದೇ ನಿಯಮ. ನಾನು ಪಕ್ಕದಲ್ಲಿರ್ತೀನಿ, ನಿನಗೆ ಬಾಯಿ ಬರದಿದ್ರೆ ನಾನು ಹೇಳ್ತೀನಿ.”

ಹೀಗೆಂದು, ಬರುವ ಅಧಿಕಾರಿಯ ದೃಷ್ಟಿ ತಗುಲದಿರಲೆಂದು, ಆ ಆನೆಮರಿಯಂಥ ಬೂದುಗುಂಬಳವನ್ನು ಎತ್ತಿ ಕುಂಕುಮ ತುಂಬಿ ಬಾಗಿಲಲ್ಲಿ ಅಪ್ಪಳಿಸಿದರು. ಬಾಗಿಲಲ್ಲಿ ಎಂದರೆ, ಗಾಲಿಕುರ್ಚಿಯವರು ಹತ್ತಲು ಅನುಕೂಲವಾಗಲೆಂದು ನಿಯಮದ ಪ್ರಕಾರ ಹಾಕಿಸಿದ್ದ ಇಳಿಜಾರಿನ ಮೇಲೆ. ಕುಂಬಳ ಸಾವಿರ ಹೋಳಾಯಿತು. ಅದೇ ಕ್ಷಣಕ್ಕೆ ಅದೇ ಇಳಿಜಾರಿನ ಮೇಲೆ ಚಂದ್ರಮೌಳಿಯವರು ಬಲಗಾಲಿಟ್ಟರು.

ಇಟ್ಟ ಕಾಲು ಅಲ್ಲಿ ನಿಲ್ಲಲಿಲ್ಲ. ಅಧಿಕಾರಿಗಳು ಕೂತ ಭಂಗಿಯಲ್ಲಿ ಸುಯ್ಯೆಂದು ಬೀದಿಗೆ ಹೋದರು. ಎದ್ದು ಮತ್ತೆ ಹತ್ತಿದರು, ಮತ್ತೆ ಹೋದರು. ಎರಡನೆಯ ಸಲ ದೊಡ್ಡ ಗಡಿಯಾರದವರೆಗೂ ಹೋಗುತ್ತಿದ್ದರೋ ಏನೋ, ಅಡ್ಡ ನಿಂತಿದ್ದ ಹಸುವೊಂದು ತಡೆಯಿತು. ಕೊನೆಗೆ ರಕ್ಷಿತಾ ಅಳತೆಯ ಟೇಪಿನ ಒಂದು ತುದಿ ಎಸೆದು, ಹುಡುಗಿಯರೆಲ್ಲ ಸೇರಿ ಎಳೆದು, ತೇರಿನಂತೆ ಅವರನ್ನು ಒಳಗೆ ತಂದರು.

ಚಂದ್ರಮೌಳಿ ಸಿಡುಕಲಿಲ್ಲ. ಆ ಮನುಷ್ಯನಲ್ಲಿ ಸಿಡುಕೂ ಇರಲಿಲ್ಲ, ನಗುವೂ ಇರಲಿಲ್ಲ. ಇದ್ದದ್ದು ಒಂದು ಟ್ಯಾಬು. ಅದರಲ್ಲಿ ಪ್ರಶ್ನೆಗಳಿದ್ದವು, ಪ್ರತಿ ಪ್ರಶ್ನೆಯ ಕೆಳಗೆ ‘ಹೌದು’, ‘ಇಲ್ಲ’ ಎಂಬ ಎರಡೇ ಗುಂಡಿಗಳಿದ್ದವು. ‘ಆದರೆ’ ಎಂಬುದಕ್ಕೆ ಅದರಲ್ಲಿ ಜಾಗವಿರಲಿಲ್ಲ. ಪ್ಯಾಂಟಿಗೆ ಅಂಟಿದ ಕುಂಬಳದ ತಿರುಳನ್ನು ಕೊಡವಿಕೊಳ್ಳುತ್ತ ಅವರು ಮೊದಲನೆಯದನ್ನು ಒತ್ತಿದರು.

“ಇಳಿಜಾರು ಇದೆಯೇ? ಹೌದು. ಜಾರುತ್ತದೆ.”

ಆಮೇಲೆ ಕೋಣೆಯೊಳಗೆ ಕಣ್ಣಾಡಿಸಿ, “ನಿಮ್ಮ ಕ್ಯಾಮೆರಾ ನಮ್ಮ ಆಫೀಸಲ್ಲಿ ಕಾಣ್ಸುತ್ತೆ. ಬೆಳಿಗ್ಗೆಯಿಂದ ಬರೀ ಬಿಳೀ. ಒಳಗೆ ಮಂಜು ಬೀಳ್ತಿದೆಯೇನೋ ಅಂದ್ಕೊಂಡೆ,” ಎಂದರು.

“ಪರಿಶುದ್ಧ ವಾತಾವರಣ ಸಾರ್!” ಎಂದರು ಸಿದ್ದಮಲ್ಲಪ್ಪ, ತಡವರಿಸದೆ.

ಹೆಬ್ಬೆಟ್ಟಿನ ಯಂತ್ರಕ್ಕೆ ಹುಡುಗಿಯರು ಒಬ್ಬೊಬ್ಬರೇ ಬೆರಳು ಒತ್ತಿದರು. ಯಂತ್ರ ಕಣ್ಣು ಬಿಡಲಿಲ್ಲ. ಪ್ರತಿಯೊಬ್ಬಳ ಬೆರಳಿಗೂ ಕುಂಕುಮ ಹತ್ತಿತು, ಅವಳು ಅದನ್ನು ಭಕ್ತಿಯಿಂದ ಹಣೆಗೆ ಇಟ್ಟುಕೊಂಡಳು. ಚಂದ್ರಮೌಳಿ ಹಣೆಗಳನ್ನೇ ನೋಡಿ ಹಾಜರಿ ಹಾಕಿಕೊಂಡರು.

“ದೂರುಪೆಟ್ಟಿಗೆ ಇದೆಯೇ?”

“ಹೌದು ಸಾರ್!”

ದೂರುಪೆಟ್ಟಿಗೆಗೂ ಕುಂಕುಮ ಬಿದ್ದಿತ್ತು. ಕುಂಕುಮವಿಟ್ಟ, ಮೇಲೆ ಸೀಳಿರುವ ಪೆಟ್ಟಿಗೆಯನ್ನು ಕಂಡರೆ ಅಗ್ರಹಾರದ ಜನ ಸುಮ್ಮನಿರುತ್ತಾರೆಯೇ? ಪ್ರಸಾದಕ್ಕೆ ಬಂದವರೆಲ್ಲ ಕಣ್ಣಿಗೊತ್ತಿಕೊಂಡು ಚಿಲ್ಲರೆ ಹಾಕಿದ್ದರು. ಚಂದ್ರಮೌಳಿ ಪೆಟ್ಟಿಗೆಯನ್ನು ಅಲ್ಲಾಡಿಸಿದರು. ಝಣಝಣ ಎಂದಿತು.

“ದೂರು ಕೊಡೋಕೂ ಕಾಣಿಕೆ ಇಡ್ಬೇಕಾ ಇಲ್ಲಿ?”

“ತೃಪ್ತಿ ಸಾರ್! ದೂರಿಲ್ಲದೋರು ಕಾಣಿಕೆ ಹಾಕ್ತಾರೆ!” ಎಂದರು ಸಿದ್ದಮಲ್ಲಪ್ಪ.

ಚಂದ್ರಮೌಳಿ ‘ಹೌದು’ ಒತ್ತಿದರು. ಬೆಂಕಿ ಆರಿಸುವ ಸಿಲಿಂಡರನ್ನು ಇಳಿಸಲು ಹೋದಾಗ ಪಾರ್ವತಮ್ಮ “ಊಂ ಹೂಂ!” ಎಂದ ಒಂದೇ ಹೂಂಕಾರಕ್ಕೆ ಅವರ ಕೈ ತಾನೇ ಹಿಂದೆ ಬಂತು. ಮರಳಿನ ಬಕೆಟ್ಟಿನ ಊದುಬತ್ತಿಯನ್ನು ತೋರಿಸಿ, “ಇದೇನ್ರೀ, ಬೆಂಕಿ ಆರಿಸೋ ಮರಳಲ್ಲಿ ಬೆಂಕಿ?” ಎಂದರು.

“ಪರೀಕ್ಷೆ ಸಾರ್,” ಎಂದ ಷಡಕ್ಷರಿ. ಅವನಿಗೂ ಈಗ ತಡವರಿಸದಿರುವುದು ಕೈಹತ್ತಿತ್ತು. “ಬುಡಕ್ಕೆ ಬಂದ ಕೂಡ್ಲೇ ತಾನೇ ಆರುತ್ತೆ. ದಿನಾ ಮಾಡ್ತೀವಿ.”

‘ಹೌದು.’

ಹೌದು, ಹೌದು, ಹೌದು. ಷಡಕ್ಷರಿಯ ಬೆನ್ನು ಕೋಲಿನಂತೆ ನೆಟ್ಟಗಾಯಿತು. ಅಷ್ಟರಲ್ಲಿ ಟ್ಯಾಬಿನಲ್ಲಿ ಕೆಂಪು ಬಣ್ಣದ ಒಂದು ಪ್ರಶ್ನೆ ತೆರೆದುಕೊಂಡಿತು.

“ಪ್ರಾತ್ಯಕ್ಷಿಕೆ,” ಎಂದರು ಚಂದ್ರಮೌಳಿ. “ಕಲೀತಿರೋರೆಲ್ಲ ನನ್ನೆದುರಿಗೆ ಹೊಲಿದು ತೋರಿಸ್ಬೇಕು. ಇದಾಗದಿದ್ರೆ ಉಳಿದದ್ದೆಲ್ಲಾ ದಂಡ.”

ಪಾರ್ವತಮ್ಮ ಮಿಷನ್ನುಗಳ ಮುಂದೆ ಎರಡೂ ತೋಳು ಚಾಚಿ ನಿಂತರು. ಆ ಹೊತ್ತಿನಲ್ಲಿ ಪಟ್ಟದ ಆನೆ ಬಂದಿದ್ದರೂ ಬಾಲ ಮಡಚಿಕೊಂಡು ಹಿಂದಿರುಗುತ್ತಿತ್ತು.

“ಸ್ವಾಮಿ, ತಾವು ಎಷ್ಟು ದೊಡ್ಡೋರೋ ನಂಗೊತ್ತಿಲ್ಲ. ಕದಲಿಸೋಗಂಟ ಇವನ್ನ ನೀವೂ ಮುಟ್ಟಂಗಿಲ್ಲ, ನಿಮ್ಮ ಮೇಲ್ನೋರೂ ಮುಟ್ಟಂಗಿಲ್ಲ.”

ಚಂದ್ರಮೌಳಿ ಶೂ ಕಳಚಿ ಕೈಮುಗಿದರು. “ಅಯ್ಯೋ, ಪೂಜೆಗಿಟ್ಟದ್ದನ್ನ ನಾನ್ಯಾಕೆ ಮುಟ್ಟಿಸ್ಲಮ್ಮ? ನಮ್ಮನೇಲೂ ಇದೇ ಪದ್ಧತಿ.” ಆಮೇಲೆ ಷಡಕ್ಷರಿಯ ಕಡೆ ತಿರುಗಿ ಮೆತ್ತಗೆ, “ಆದ್ರೆ ನಾನು ‘ಇಲ್ಲ’ ಅಂತ ಒತ್ಬೇಕಾಗುತ್ತೆ. ಮತ್ತೆ ನಿಮ್ಮ ಸರದಿ ಬರೋದು ಯುಗಾದಿ ಹೊತ್ಗೆ. ಅಲ್ಲೀವರೆಗೆ ಬೋರ್ಡ್ ಇಳಿಸಿಬಿಡಿ,” ಎಂದರು.

ಅವರ ಬೆರಳು ‘ಇಲ್ಲ’ದ ಕಡೆಗೆ ಇಳಿಯತೊಡಗಿತು. ಅದು ಇಳಿಯುವಷ್ಟರಲ್ಲಿ ಷಡಕ್ಷರಿ ಒಂದು ಜನ್ಮ ಬದುಕಿ ಮುಗಿಸಿದ. ಬೋರ್ಡು ಇಳಿಯಿತು. ನೆರಳು ಹೋಗಿ ಬೀದಿಯವರೆಲ್ಲ ನಿದ್ದೆಯಿಂದೆದ್ದರು. ಹುಡುಗಿಯರು ಸಾಲಾಗಿ ಹಿನಕಲ್ ಬಸ್ಸು ಹತ್ತಿದರು. ಗಾಜಿನ ಬಾಗಿಲು ತೆರೆದು ಚೆಲುವರಾಜು ಹಲ್ಲುಬಿಟ್ಟು ನಿಂತಿದ್ದ.

“ಮಿಷನ್ ಯಾಕ್ ಸಾರ್ ಬೇಕು?”

ಈ ಮಾತು ತನ್ನ ಬಾಯಿಂದಲೇ ಬಂತೆಂದು ಷಡಕ್ಷರಿಗೆ ಅದನ್ನು ಕೇಳಿದ ಮೇಲೆ ತಿಳಿಯಿತು. ಬೆರಳು ನಿಂತಿತು.

“ಏನಂದ್ರಿ?”

“ಮಿಷನ್ ಒಂದು ನೆಪ ಸಾರ್! ಹೊಲಿಗೆ ಇರೋದು ಕೈಕಾಲಲ್ಲಿ. ನನ್ನ ಹುಡುಗೀರು ಮಿಷನ್ ಇಲ್ದೇನೇ ಹೊಲೀತಾರೆ. ಅಂಥಾ ತರಬೇತಿ ಸಾರ್ ನಂದು!”

“ಯಂತ್ರರಹಿತ ವಿಧಾನ ಸಾರ್! ಬಹಳ ಪುರಾತನವಾದದ್ದು,” ಎಂದು ಸಿದ್ದಮಲ್ಲಪ್ಪ ಮುದ್ರೆ ಒತ್ತಿದರು.

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರಕ್ಷಿತಾ ಗುರುವಿನ ಮುಖ ನೋಡಿದಳು. ಆ ಮುಖದಲ್ಲಿ, ನೀರಿಗೆ ಬಿದ್ದವನು ದಡದಲ್ಲಿದ್ದವರನ್ನು ನೋಡುವ ನೋಟ. ಅವಳು ಸ್ಟೂಲು ಎಳೆದುಕೊಂಡು ಹಜಾರದ ನಡುವೆ ಕೂತಳು. ಇಲ್ಲದ ಬಟ್ಟೆಯನ್ನು ಇಲ್ಲದ ಮಿಷನ್ನಿಗೆ ಕೊಟ್ಟು, ಇಲ್ಲದ ಸ್ವಿಚ್ಚು ಒತ್ತಿ, ಬಾಯಲ್ಲಿ ‘ಟ್ರರ್ರ್’ ಎಂದು ಹೊಲಿಯತೊಡಗಿದಳು. ಅವಳ ಹಿಂದೆಯೇ ಮಾನಸ ಕೂತಳು. ರಾಜೀವನಗರದಿಂದ ಬರುತ್ತಿದ್ದ, ಮೊಮ್ಮಕ್ಕಳಾದ ಮೇಲೆ ಹೊಲಿಗೆಗೆ ಸೇರಿದ್ದ ಬೀರಮ್ಮ ಇಲ್ಲದ ದಾರದ ತುದಿಯನ್ನು ನಾಲಗೆಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಇಲ್ಲದ ಸೂಜಿಗೆ ಪೋಣಿಸಿ, ಎರಡೂ ಕಾಲಿನಿಂದ ಗಾಳಿಯನ್ನು ತುಳಿಯತೊಡಗಿದಳು. ಕೊಂಚ ಹೊತ್ತಿನಲ್ಲಿ ಹಜಾರವೆಲ್ಲ ಗಾಳಿ ಹೊಲಿಯುವವರಿಂದ ತುಂಬಿಹೋಯಿತು.

ಚಂದ್ರಮೌಳಿ ಕೈಕಟ್ಟಿ ಸಾಲುಗಳ ನಡುವೆ ನಡೆದರು. ಮಾನಸ ನಿಲ್ಲಿಸಿದ್ದನ್ನು ಕಂಡು, “ಯಾಕಮ್ಮ?” ಎಂದರು.

“ಬಾಬಿನ್ ದಾರ ಮುಗೀತು ಸಾರ್.”

“ಸುತ್ಕೋ, ನಿಧಾನ.” ಅವರು ಬೀರಮ್ಮನ ಹತ್ತಿರ ಬಂದು ಬಗ್ಗಿ ನೋಡಿದರು. “ಹೊಲಿಗೆ ಸ್ವಲ್ಪ ಸೊಟ್ಟ ಹೋಗ್ತಿದೆ ಅನ್ಸುತ್ತೆ.”

“ಹೋಗ್ದೆ ಇನ್ನೇನು ಸ್ವಾಮಿ? ಬೆಳಕಿಗೆ ಅಡ್ಡ ನಿಂತಿದ್ದೀರಲ್ಲಾ!” ಎಂದಳು ಬೀರಮ್ಮ, ಕಣ್ಣೆತ್ತದೆ.

ಅಧಿಕಾರಿಗಳು “ಕ್ಷಮಿಸಿ” ಎಂದು ಪಕ್ಕಕ್ಕೆ ಸರಿದರು. ಬಾಗಿಲಲ್ಲಿ ಬೀದಿಗೆ ಬೀದಿಯೇ ನೆರೆದಿತ್ತು. ಶಾರದ ಒಳಗೆ ಕತ್ತು ಚಾಚಿ, “ಮಾಸ್ಟ್ರೇ, ಹಂಗಾದ್ರೆ ನನ್ನ ಇನ್ನೊಂದು ತೋಳೂ ಹಂಗೇ ಹೊಲ್ದುಕೊಟ್ಬುಡಿ!” ಎಂದಳು. ಯಾರೋ ಅವಳ ಬಾಯಿಗೆ ಪುರಿ ತುಂಬಿದರು.

ಆಗಲೇ ಕರೆಂಟು ಹೋಯಿತು. ಫ್ಯಾನು ನಿಂತಿತು, ದೀಪ ಆರಿತು. ರಕ್ಷಿತಾ ತಟ್ಟನೆ ಕೈ ಮೇಲೆತ್ತಿ ಕೂತಳು. ಅವಳ ಸಾಲಿನವರೆಲ್ಲ ಕೈಯೆತ್ತಿದರು. ಬೀರಮ್ಮನ ಸಾಲು ಮಾತ್ರ ತುಳಿಯುತ್ತಲೇ ಇತ್ತು.

“ಏನಾಯ್ತು?” ಎಂದರು ಚಂದ್ರಮೌಳಿ.

“ಕರೆಂಟ್ ಹೋಯ್ತಲ್ಲಾ ಸಾರ್. ನಮ್ದು ಮೋಟಾರಿಂದು.”

“ನಂದು ಪೆಡಲ್ದು,” ಎಂದಳು ಬೀರಮ್ಮ, ತುಳಿಯುತ್ತ.

ಚಂದ್ರಮೌಳಿಯವರ ಕಣ್ಣಲ್ಲಿ ನೀರು ತುಂಬಿತು. ಆ ಮನುಷ್ಯ ಊರೂರು ತಿರುಗಿ ಎಷ್ಟೋ ಕೇಂದ್ರ ನೋಡಿದ್ದರು. ಮಿಷನ್ನಿದ್ದು ಹೊಲಿಯಲು ಬಾರದವರನ್ನು ಕಂಡಿದ್ದರು, ಹೊಲಿಯಲು ಬಂದು ಮಿಷನ್ನಿಲ್ಲದವರನ್ನೂ ಕಂಡಿದ್ದರು. ಇಲ್ಲದ ಮಿಷನ್ನಿಗೂ ಕರೆಂಟು ಹೋಗುವಷ್ಟು ಶಿಸ್ತನ್ನು ಎಲ್ಲೂ ಕಂಡಿರಲಿಲ್ಲ. ಅವರ ಬೆರಳು ಟ್ಯಾಬಿನ ಮೇಲೆ ಇಳಿಯಿತು.

“ಪ್ರಾತ್ಯಕ್ಷಿಕೆ: ಹೌದು. ಮಾನ್ಯತೆ ಮುಂದುವರಿದಿದೆ ಷಡಕ್ಷರಿಯವರೇ. ಅತ್ಯುತ್ತಮ ಶ್ರೇಣಿ.”

ಎದ್ದ ಕೇಕೆಗೆ ಅರಮನೆಯ ಪಾರಿವಾಳಗಳು ಹಾರಿ ಹೋದವು, ಮತ್ತೆ ಬಂದದ್ದು ದೀಪಾವಳಿಗೆ. ಷಡಕ್ಷರಿ ಸಿದ್ದಮಲ್ಲಪ್ಪನವರನ್ನು ಅಪ್ಪಿಕೊಂಡ. ಹುಡುಗಿಯರು ಪುರಿಯನ್ನು ಅಕ್ಷತೆಯಂತೆ ಎರಚಿದರು. ಆ ಪುರಿಯ ಮಳೆಯಲ್ಲೇ ನಿಂತು ಚಂದ್ರಮೌಳಿ ಟ್ಯಾಬು ಒರೆಸಿಕೊಂಡು, “ಒಂದ್ನಿಮಿಷ. ಇನ್ನೊಂದು ಪ್ರಶ್ನೆ ತೆರ್ಕೊಂಡಿದೆ,” ಎಂದರು. “ಸರ್ಕಾರ ಕೊಟ್ಟ ಯಂತ್ರಗಳು ಇಲ್ಲದೆಯೂ ತರಬೇತಿ ಪೂರ್ತಿಯಾಗಿ ನಡೆಯುವುದೇ?”

ಷಡಕ್ಷರಿ ತಡವರಿಸಿದ. ತಡವರಿಸಿದರೆ ತಪ್ಪಲ್ಲವೇ? ಮಾತು ಕೊಟ್ಟಿದ್ದಂತೆ ಸಿದ್ದಮಲ್ಲಪ್ಪ ಅವನ ಪರವಾಗಿ ಗುಡುಗಿದರು.

“ಹೌದು ಸಾರ್!”

ಬೆರಳು ಒತ್ತಿತು. ಟ್ಯಾಬು ಟಿಂಗ್ ಎಂದಿತು.

“ಒಳ್ಳೇದಾಯ್ತು,” ಎಂದರು ಚಂದ್ರಮೌಳಿ. “ಬೇಕಿಲ್ಲದ ಕಡೆಯಿಂದ ಬೇಕಾದ ಕಡೆಗೆ ಕಳಿಸ್ಬೇಕು ಅಂತ ನಿಯಮ. ಹತ್ತಿರದಲ್ಲೇ ಒಂದು ಕೇಂದ್ರಕ್ಕೆ ಮಿಷನ್ ಇಲ್ಲ ಅಂತ ತೋರಿಸ್ತಿದೆ. ಹಿನಕಲ್. ಎಲ್ಲಾನೂ ಅಲ್ಲಿಗೆ ವರ್ಗ ಆಗಿದೆ.”

ಷಡಕ್ಷರಿಯ ಬಾಯಿ ತೆರೆದುಕೊಂಡಿತು. ಅದರೊಳಗೆ ನಾಲ್ಕು ಪುರಿ ಬಿದ್ದವು. ಅವನ್ನು ನುಂಗಿ, “ಸಾರ್! ಅದು... ಆಗ ಹೊಲಿದದ್ದು... ಅದು ನಿಜವಾದ ಹೊಲಿಗೆ ಅಲ್ಲ ಸಾರ್!” ಎಂದ.

“ಓ,” ಎಂದರು ಚಂದ್ರಮೌಳಿ, ಸ್ವಲ್ಪವೂ ಬೇಸರಿಸದೆ. “ಹಾಗಾದ್ರೆ ಹಿಂದಕ್ಕೆ ಹೋಗಿ ಪ್ರಾತ್ಯಕ್ಷಿಕೇನ ‘ಇಲ್ಲ’ ಮಾಡ್ಲಾ?”

“ಬೇಡ ಸಾರ್!”

“ಮತ್ತೆ?”

‘ಆದರೆ’ಗೆ ಅಲ್ಲಿ ಜಾಗವಿರಲಿಲ್ಲ. ಆಗ ಷಡಕ್ಷರಿಗೆ ಕತ್ತಲಲ್ಲಿ ಕಂದೀಲು ಕಂಡಂತೆ ಅವ್ವ ಕಂಡಳು. ಓಡಿಹೋಗಿ ಆಕೆಯ ಸೆರಗು ಹಿಡಿದ.

“ಅವ್ವಾ, ಮುಟ್ಟಂಗಿಲ್ಲ ಅಲ್ವಾ? ಯಾರೂ ಮುಟ್ಟಂಗಿಲ್ಲ ಅಲ್ವಾ? ಹೇಳವ್ವಾ ಇವ್ರಿಗೆ!”

“ಮುಟ್ಟಂಗಿಲ್ಲ!” ಎಂದರು ಪಾರ್ವತಮ್ಮ, ನೆಲ ಅದುರುವಂತೆ. ಷಡಕ್ಷರಿಯ ಮುಖ ಅರಳಿತು. “ನಾಡಿದ್ದು ಬೆಳಿಗ್ಗೆ ನಾನು ಕದಲಿಸಿ ಕೊಡ್ತೀನಿ, ಆಮೇಲೆ ತಗೊಂಡೋಗ್ಲಿ. ವಿಜಯದಶಮಿ! ಹೊಸ ಜಾಗಕ್ಕೆ ಹೊರಡೋಕೆ ಅದಕ್ಕಿಂತ ಒಳ್ಳೇ ದಿನ ಉಂಟಾ? ಪಾಪ, ಚೆಲುವ ಒಳ್ಳೇ ಹುಡುಗ. ಹಾರ ಬಿಚ್ಚಬೇಡ, ಹಾರದ ಸಮೇತ ಕಳ್ಸು.”

ಚಂದ್ರಮೌಳಿ ಪಾರ್ವತಮ್ಮನವರ ಕಾಲಿಗೆ ಬಿದ್ದು, ಪುರಿ ಕಟ್ಟಿಸಿಕೊಂಡು, ಹಣೆಗೆ ಒಂದು ಚಿಟಿಕೆ ವಿಭೂತಿ ಹಚ್ಚಿಸಿಕೊಂಡು, ಅದರ ದೆಸೆಯಿಂದ ದಾರಿ ಕಾಣದೆ ಇಳಿಜಾರಿನ ಮೇಲೆ ಕಾಲಿಟ್ಟು ಕೂತ ಭಂಗಿಯಲ್ಲೇ ಹಿನಕಲ್ ದಿಕ್ಕಿಗೆ ಹೊರಟುಹೋದರು.

ಹುಡುಗಿಯರು ಹೋದರು. “ನನ್ನ ಬ್ಲೌಸು ಹಿನಕಲ್‌ನಲ್ಲೇ ಹೊಲಿಸ್ಕೋತೀನಿ ಬುಡಿ, ಅಲ್ಲಿ ಎ.ಸಿ. ಇದೆಯಂತೆ,” ಎಂದು ಶಾರದ ಹೋದಳು. “ಅತ್ಯುತ್ತಮ ಶ್ರೇಣಿ! ಏನಂದೆ ನಾನು?” ಎಂದು ಮೀಸೆ ತಿರುವುತ್ತ ಸಿದ್ದಮಲ್ಲಪ್ಪನವರೂ ಹೋದರು. ಷಡಕ್ಷರಿ ರಕ್ಷಿತಾ ಬಿಟ್ಟುಹೋದ ಸ್ಟೂಲಿನ ಮೇಲೆ ಕೂತ. ಹೊರಗೆ ಬೋರ್ಡು ಗಟ್ಟಿಯಾಗಿ ನಿಂತಿತ್ತು. ‘ಮಾನ್ಯತೆ ಪಡೆದಿದೆ’ ಎಂಬ ಕೆಂಪಕ್ಷರಗಳ ಮೇಲೆ ಸಂಜೆಯ ಬಿಸಿಲು ಬಿದ್ದು ಅವು ಹಿಂದೆಂದಿಗಿಂತ ಹೊಳೆಯುತ್ತಿದ್ದವು.

ಫೋನು ಹೊಡೆದುಕೊಂಡಿತು.

“ನಮಸ್ಕಾರ ಸಾರ್, ಚೆಲುವರಾಜು.” ದನಿ ಗದ್ಗದವಾಗಿತ್ತು. “ನಿಮ್ಮಂಥಾ ಗುರು ಯಾರಿಗೆ ಸಿಕ್ತಾರೆ ಸಾರ್? ಬೆಳಿಗ್ಗೆ ತಮಾಷೆ ಮಾಡ್ದಂಗೆ ಮಾಡಿ, ಮಧ್ಯಾಹ್ನಕ್ಕೆ ಎಲ್ಲಾನೂ ಕೊಟ್ಬುಟ್ರಲ್ಲಾ! ಕುದುರೆಗಳು ನಾಡಿದ್ದು ಬತ್ತಾವಂತೆ ಸಾರ್, ಹಾರದ ಸಮೇತ.”

ಷಡಕ್ಷರಿಯ ಎರಡೂ ಕಾಲು ಅವನಿಗೇ ತಿಳಿಯದಂತೆ ಗಾಳಿಯನ್ನು ತುಳಿಯತೊಡಗಿದ್ದವು.

“ಚಾಟಿ ಮಾತ್ರ ನೀವೇ ಇಟ್ಕೊಳಿ ಸಾರ್,” ಎಂದ ಚೆಲುವರಾಜು. “ಯಾರಾದ್ರೂ ಹತ್ತುತಾರೆ.”